ಕಮ್ಮಿ ದುಡ್ಡಲ್ಲೂ ಜಾಸ್ತಿ ಫಿಲ್ಮ್ ಹೊಡೀರಿ

ನಮಸ್ಕಾರ. ಫಿಲ್ಮ್ ಕ್ಯಾಮೆರಾ ಹಿಡಿಯೋ ಆಸೆ ಇದೆ, ಕೈಯಲ್ಲಿ ದುಡ್ಡು ಕಮ್ಮಿ ಅಂದರೆ ಸಾಕು, ಎಲ್ಲರೂ ಒಂದೇ ಬುದ್ಧಿಮಾತು ಹೇಳುತ್ತಾರೆ. "ಯೋಚಿಸಿ ಕ್ಲಿಕ್ ಮಾಡು, ರೋಲ್ ಉಳಿಸು." ಕಲಿಯುವವರಿಗೆ ಇದು ಕೆಟ್ಟ ಸಲಹೆ ಅಂತಲೇ ನಾನು ಹೇಳುತ್ತೇನೆ. ಒಂದೇ ರೋಲ್ ತಿಂಗಳುಗಟ್ಟಲೆ ಕ್ಯಾಮೆರಾದಲ್ಲಿ ಕೂತಿದ್ದರೆ, ಡೆವಲಪ್ ಆಗಿ ಬರುವ ಹೊತ್ತಿಗೆ ಯಾವ ಫ್ರೇಮಿಗೆ ಎಷ್ಟು ಶಟರ್ ಸ್ಪೀಡ್ (ಫಿಲ್ಮಿನ ಮೇಲೆ ಬೆಳಕು ಬೀಳುವ ಹೊತ್ತು) ಇಟ್ಟಿದ್ದೆವು ಅನ್ನುವುದೇ ಮರೆತಿರುತ್ತದೆ. ಆಮೇಲೆ ನೆಗೆಟಿವ್ ನೋಡಿ ಕಲಿಯೋದೇನು? ಕೈ ಪಳಗಬೇಕಾದರೆ ಜಾಸ್ತಿ ಹೊಡೆಯಲೇಬೇಕು. ಅದಕ್ಕೆ ಫ್ರೇಮಿಗೆ ಬೀಳುವ ಖರ್ಚು ಇಳಿಸೋಣ.

ಕ್ಯಾಮೆರಾ ಒಂದು ಸಲದ ಖರ್ಚು. ಫಿಲ್ಮ್, ಡೆವಲಪಿಂಗ್, ಸ್ಕ್ಯಾನಿಂಗ್ ಪ್ರತಿ ರೋಲಿಗೂ ಬರುವ ಖರ್ಚು. ಆದರೂ ಜನ ಇರೋ ದುಡ್ಡನ್ನೆಲ್ಲ ಕ್ಯಾಮೆರಾಗೇ ಸುರಿಯುತ್ತಾರೆ. ಅದರಲ್ಲೂ ಈಗ ಎಲ್ಲರೂ ಹುಡುಕುವ ಪುಟ್ಟ ಆಟೋಮ್ಯಾಟಿಕ್ ಕ್ಯಾಮೆರಾಗಳು! ಒಳಗಿನ ಸರ್ಕ್ಯೂಟ್ ಹೋಯಿತೆಂದರೆ ರಿಪೇರಿ ಮಾಡುವವರು ಸಿಗುವುದೇ ಕಷ್ಟ. ಅದರ ಬದಲು ಪೆಂಟಾಕ್ಸ್ ಕೆ1000 ಥರದ, ಲೆನ್ಸ್ ಮೂಲಕವೇ ನೋಡಿ ಹೊಡೆಯುವ ಮೆಕ್ಯಾನಿಕಲ್ ಎಸ್‌ಎಲ್‌ಆರ್ ನೋಡಿ. 1976ರಿಂದ 1997ರವರೆಗೆ ತಯಾರಾದ ಕ್ಯಾಮೆರಾ ಅದು. ಬ್ಯಾಟರಿ ಬೇಕಾಗಿರೋದು ಬೆಳಕು ಅಳೆಯುವ ಲೈಟ್ ಮೀಟರಿಗೆ ಮಾತ್ರ. ಮೀಟರ್ ಸತ್ತಿದ್ದರೂ ಶಟರ್ ಓಡುತ್ತದೆ. ಒಳ್ಳೆ ಬಿಸಿಲಲ್ಲಿ ಲೆನ್ಸಿನ ಕಿಂಡಿ ಎಫ್/16ಕ್ಕೆ ಇಡಿ, ಐಎಸ್ಒ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) 400 ಇರುವ ಫಿಲ್ಮಿಗೆ 1/500 ಸೆಕೆಂಡ್ ಸ್ಪೀಡ್ ಇಡಿ, ಕೆಲಸ ಆಗುತ್ತದೆ. ಅನುಮಾನ ಬಂದರೆ ಬೆಳಕು ಸ್ವಲ್ಪ ಜಾಸ್ತಿನೇ ಕೊಡಿ. ನೆಗೆಟಿವ್ ಫಿಲ್ಮ್ ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತದೆ, ಕಮ್ಮಿ ಬೆಳಕನ್ನಲ್ಲ.

ಹಳೇ ಕ್ಯಾಮೆರಾ ಕೊಳ್ಳುವಾಗ ಹಿಂದಿನ ಬಾಗಿಲು ತೆಗೆಯಿರಿ. ಒಂದು ಸೆಕೆಂಡ್ ಸ್ಪೀಡಿಗಿಟ್ಟು ಒತ್ತಿ. ಶಟರ್ ಅರ್ಧದಲ್ಲಿ ಸಿಕ್ಕಿಕೊಂಡರೆ ಬೇಡ. ಬಾಗಿಲಂಚಿನ ಕಪ್ಪು ಫೋಮನ್ನು ಉಗುರಲ್ಲಿ ಒತ್ತಿ ನೋಡಿ. ಅಂಟಂಟಾಗಿ ಬೆರಳಿಗೇ ಬಂದರೆ ಅಲ್ಲಿಂದ ಬೆಳಕು ಸೋರುತ್ತದೆ. ಇದಕ್ಕೆ ಹೆದರಬೇಡಿ, ಹೊಸ ಫೋಮ್ ಪಟ್ಟಿ ನೀವೇ ಅಂಟಿಸಬಹುದು. ಇದನ್ನೇ ತೋರಿಸಿ ಬೆಲೆಯನ್ನೂ ಇಳಿಸಬಹುದು. ಆಮೇಲೆ ಲೆನ್ಸ್ ಹಿಂದಿನಿಂದ ಟಾರ್ಚ್ ಬಿಡಿ. ಗಾಜಿನೊಳಗೆ ಜೇಡನ ಎಳೆಯಂಥ ಫಂಗಸ್ ಕಂಡರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ತಗೋಬೇಡಿ.

ಅವಧಿ ಮುಗಿದ ಫಿಲ್ಮಂತೂ ಬೇಡವೇ ಬೇಡ. ಅದನ್ನು ಎಷ್ಟು ಸೆಕೆಯಲ್ಲಿ, ಎಷ್ಟು ವರ್ಷ ಇಟ್ಟಿದ್ದರೋ ಯಾರಿಗೂ ಗೊತ್ತಿಲ್ಲ. ರೋಲ್ ಹಾಳಾದರೆ ಡೆವಲಪಿಂಗ್ ದುಡ್ಡೂ ಹೋಯಿತು, ಫೋಟೋನೂ ಹೋಯಿತು.

ನಿಜವಾದ ಉಳಿತಾಯ ಇರೋದು ಬಲ್ಕ್ ರೋಲಿನಲ್ಲಿ. ಫೋಮಾಪ್ಯಾನ್, ಕೆಂಟ್‌ಮಿಯರ್‌ನಂಥ ಕಪ್ಪು ಬಿಳುಪು ಫಿಲ್ಮ್ 100 ಅಡಿ ಉದ್ದದ ರೋಲಾಗಿ ಸಿಗುತ್ತದೆ. ಅದರಲ್ಲಿ 36 ಫ್ರೇಮಿನ ಸುಮಾರು 18 ರೋಲ್ ಸುತ್ತಿಕೊಳ್ಳಬಹುದು. ಉದ್ದ ಫಿಲ್ಮನ್ನು ಸುತ್ತಿಕೊಡುವ ಒಂದು ಲೋಡರ್, ಫಿಲ್ಮ್ ತುಂಬಿಡೋಕೆ ಮತ್ತೆ ಮತ್ತೆ ಬಳಸುವಂಥ ಕ್ಯಾಸೆಟ್‌ಗಳು, ಇಷ್ಟಿದ್ದರೆ ಸಾಕು. ನನಗೆ ತುಂಬಾ ಇಷ್ಟವಾದ ವಿಷಯ ಅಂದರೆ, ಬೇಕಿದ್ದರೆ 12 ಫ್ರೇಮ್ ಮಾತ್ರ ಸುತ್ತಬಹುದು. ಬೆಳಿಗ್ಗೆ ಹೊಡೆದು ಸಂಜೆಗೆ ನೆಗೆಟಿವ್ ನೋಡಬಹುದು. ಕಲಿಯೋಕೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ? ಒಂದೇ ಎಚ್ಚರ. ಕ್ಯಾಸೆಟ್ಟಿಗೆ ಅಂಟಿಸಿದ ತುದಿಗೆ ಸುತ್ತುವಾಗಲೇ ಬೆಳಕು ಬಿದ್ದಿರುತ್ತದೆ. ಹಾಗಾಗಿ ಮುಖ್ಯವಾದ ಫೋಟೋನ ಕೊನೆಯ ಫ್ರೇಮಿಗೆ ಇಟ್ಟುಕೊಳ್ಳಬೇಡಿ.

ಕಪ್ಪು ಬಿಳುಪು ಫಿಲ್ಮನ್ನು ಮನೆಯಲ್ಲೇ ಡೆವಲಪ್ ಮಾಡಿ. ಡಾರ್ಕ್‌ರೂಮ್ ಬೇಕಿಲ್ಲ. ಫಿಲ್ಮನ್ನು ರೀಲಿಗೆ ಸುತ್ತಿ, ಬೆಳಕು ಹೋಗದ ಡೆವಲಪಿಂಗ್ ಟ್ಯಾಂಕಿಗೆ ಹಾಕುವಷ್ಟು ಹೊತ್ತು ಮಾತ್ರ ಕತ್ತಲು ಬೇಕು, ಅದಕ್ಕೆ ಕೈ ತೂರಿಸಿ ಕೆಲಸ ಮಾಡುವ ಕತ್ತಲ ಚೀಲ, ಅಂದರೆ ಚೇಂಜಿಂಗ್ ಬ್ಯಾಗ್ ಇದೆ. ಬ್ಯಾಗಿನೊಳಗೆ ಕೈ ಬೆವರುತ್ತದೆ, ಫಿಲ್ಮ್ ರೀಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ತಳ್ಳಬೇಡಿ. ಫಿಲ್ಮನ್ನು ಟ್ಯಾಂಕಿನೊಳಗೆ ಬಿಟ್ಟು ಮುಚ್ಚಳ ಹಾಕಿ, ಕೈ ಒರೆಸಿಕೊಂಡು ಮತ್ತೆ ಶುರು ಮಾಡಿ. ಮೊದಲು ಒಂದು ಹಾಳು ಫಿಲ್ಮಲ್ಲಿ ಕಣ್ಣು ಬಿಟ್ಟು, ಆಮೇಲೆ ಕಣ್ಣು ಮುಚ್ಚಿ ಅಭ್ಯಾಸ ಮಾಡಿಕೊಳ್ಳಿ. ಡೆವಲಪರ್ (ಫಿಲ್ಮಲ್ಲಿ ಚಿತ್ರ ಮೂಡಿಸುವ ರಸಾಯನ) ಅಂದರೆ ನನಗೆ ರೋಡಿನಾಲ್. 1891ರಿಂದ ಇರೋ ರಸಾಯನ ಇದು. ಒಂದು ಪಾಲಿಗೆ ಐವತ್ತು ಪಾಲು ನೀರು. 300 ಮಿಲಿ ಟ್ಯಾಂಕಿಗೆ 6 ಮಿಲಿ ಸಾಕು, ಬಾಟಲಿ ತೆರೆದ ಮೇಲೂ ವರ್ಷಗಟ್ಟಲೆ ಕೆಡುವುದಿಲ್ಲ. ಗ್ರೇನ್ (ಫೋಟೋದಲ್ಲಿ ಕಾಣುವ ಮರಳಿನಂಥ ಚುಕ್ಕೆ) ಎದ್ದು ಕಾಣುತ್ತದೆ ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೆ ಆ ಗ್ರೇನೇ ಚೆಂದ. ಚಿತ್ರ ಬೆಳಕಿಗೆ ಕೆಡದಂತೆ ಮಾಡುವ ರಸಾಯನ ಫಿಕ್ಸರ್, ಅದನ್ನು ಮತ್ತೆ ಮತ್ತೆ ಬಳಸಬಹುದು. ಹೊಸದರಲ್ಲಿ ಫಿಲ್ಮ್ ತುಂಡು ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ನೋಡಿಟ್ಟುಕೊಳ್ಳಿ. ಅದರ ಎರಡರಷ್ಟು ಹೊತ್ತು ಹಿಡಿದರೆ ಬದಲಿಸಿ. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಇರುತ್ತದೆ, ದಯವಿಟ್ಟು ಮೋರಿಗೆ ಸುರಿಯಬೇಡಿ. ಲ್ಯಾಬಿನವರನ್ನು ಕೇಳಿ ಅಲ್ಲಿಗೆ ಕೊಡಿ.

ಸ್ಕ್ಯಾನರ್ ಈಗಲೇ ಬೇಡ. ಲೈಟ್ ಪ್ಯಾಡ್ ಮೇಲೆ ನೆಗೆಟಿವ್ ಇಟ್ಟು ಫೋನಲ್ಲಿ ತೆಗೆದು ಇನ್ವರ್ಟ್ ಮಾಡಿದರೆ (ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿದರೆ) ಏನು ಬಂದಿದೆ ಅಂತ ಗೊತ್ತಾಗುತ್ತದೆ.

ಕಲರ್ ಬೇಕು ಅನ್ನುವವರಿಗೆ: ಸಿ-41, ಅಂದರೆ ಕಲರ್ ನೆಗೆಟಿವ್ ಡೆವಲಪ್ ಮಾಡುವ ವಿಧಾನ, ಮನೆಯಲ್ಲಿ ಆಗದ ಕೆಲಸವೇನಲ್ಲ. ಆದರೆ ಡೆವಲಪರ್ 38 ಡಿಗ್ರಿಯಲ್ಲೇ ಇರಬೇಕು, ಕಲಸಿಟ್ಟ ರಸಾಯನ ಬೇಗ ಕೆಡುತ್ತದೆ. ಒಂದೆರಡು ರೋಲಿಗೆ ಲೆಕ್ಕ ಹೊಂದುವುದಿಲ್ಲ. ಸದ್ಯಕ್ಕೆ ಕಲರ್ ರೋಲನ್ನು ಲ್ಯಾಬಿಗೇ ಕೊಡಿ, ದಿನಾ ಹೊಡೆಯೋಕೆ ಕಪ್ಪು ಬಿಳುಪು ಇಟ್ಟುಕೊಳ್ಳಿ.