ಕಷ್ಟಕಾಲದಲ್ಲಿ ಸರ್ಕಾರ ಕೈ ಬಿಗಿ ಹಿಡಿಯಬೇಕಾ? ಬಳ್ಳಾರಿ ಕಂಡ ಉತ್ತರ

(ದೃಶ್ಯ: ತುಂಗಭದ್ರಾ ಅಣೆಕಟ್ಟೆ, ನಂತರ ಸಿರುಗುಪ್ಪ ಕಡೆಯ ಖಾಲಿ ಗದ್ದೆಗಳು)

ಎಲ್ಲರಿಗೂ ನಮಸ್ಕಾರ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಯಿತು. ಗೇಟು ಕೊಚ್ಚಿಕೊಂಡು ಹೋಯಿತು. ಎಂಜಿನಿಯರುಗಳು, ಕೆಲಸಗಾರರು ಹಗಲು ರಾತ್ರಿ ದುಡಿದು ಆ ಜಾಗದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಆದರೆ ಹಳೆಯ 33 ಗೇಟುಗಳನ್ನೂ ಬದಲಿಸಲೇಬೇಕು ಅಂತಾಯಿತು. ಆ ಕೆಲಸಕ್ಕಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂದು ತೀರ್ಮಾನವಾಯಿತು.

ಜಮೀನು ಇರುವ ರೈತನಿಗೆ ಒಂದು ಬೆಳೆ ಹೋಯಿತು. ಜಮೀನೇ ಇಲ್ಲದವರಿಗೆ? ನಾಟಿ ಹಚ್ಚುವ ಕೂಲಿ ಹೋಯಿತು, ಕಳೆ ಕೀಳುವ ಕೂಲಿ ಹೋಯಿತು, ಚೀಲ ಹೊರುವ ಹಮಾಲಿ ಕೆಲಸವೂ ಹೋಯಿತು. ಇದರಲ್ಲಿ ಅವರ ತಪ್ಪು ಏನಿತ್ತು ಹೇಳಿ?

ಈ ಪ್ರಶ್ನೆ ಯಾಕೆ ಕೇಳುತ್ತಿದ್ದೇನೆ ಅಂದರೆ, ಎಲ್ಲಿ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. ಚಹಾ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ ಅದೇ. "ಬಿಟ್ಟಿ ಕೊಟ್ಟು ಕೊಟ್ಟು ಜನರನ್ನು ಸೋಮಾರಿ ಮಾಡಿದ್ದಾರೆ. ಖಜಾನೆ ಖಾಲಿ ಆಗಿದೆ. ಎಲ್ಲ ನಿಲ್ಲಿಸಿ, ದುಡಿದು ತಿನ್ನಲಿ." ಈ ಮಾತು ಆಡುವವರು ಕೆಟ್ಟವರಲ್ಲ. ಬಹಳಷ್ಟು ಜನ ತಾವೇ ಕಷ್ಟಪಟ್ಟು ಮೇಲೆ ಬಂದವರು. ಅದಕ್ಕೇ ಅವರ ಮಾತಿಗೆ ಸರಿಯಾದ ಉತ್ತರ ಕೊಡಬೇಕು, ಸುಮ್ನೆ ತಳ್ಳಿಹಾಕಬಾರದು.

ಆ ಉತ್ತರದ ಒಂದು ಭಾಗ ನಮ್ಮ ಬಳ್ಳಾರಿಯ ಚರಿತ್ರೆಯಲ್ಲೇ ಇದೆ.

(ತೆರೆಯ ಮೇಲೆ: 1877)

ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಪಕ್ಕದ ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವು. 1876ರಲ್ಲಿ ಮಳೆ ಕೈಕೊಟ್ಟಿತು. ಹಿರಿಯರು ಧಾತು ಸಂವತ್ಸರದ ಬರ ಅನ್ನುವುದು ಇದನ್ನೇ. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ರಸ್ತೆ ಹಾಕುವುದು, ಕೆರೆ ತೋಡುವುದು ಅಂತ ಪರಿಹಾರ ಕಾಮಗಾರಿಗಳು ಶುರುವಾದವು. ಲಕ್ಷಾಂತರ ಜನ ಬಂದರು.

ಇಷ್ಟೊಂದು ಖರ್ಚು ನೋಡಿ ವೈಸರಾಯ್ ಲಿಟ್ಟನ್ ಸರ್ಕಾರ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಕಳಿಸಿತು. ಈ ಟೆಂಪಲ್ ಮೂರು ವರ್ಷ ಹಿಂದೆ, 1874ರಲ್ಲಿ, ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರ ಜೀವ ಉಳಿಸಿದವರು. ಅದಕ್ಕೆ ಸಿಕ್ಕಿದ್ದು ಹೊಗಳಿಕೆ ಅಲ್ಲ. "ದುಡ್ಡು ದಂಡ ಮಾಡಿದೆ" ಅನ್ನುವ ಬೈಗುಳ. ಈ ಸಲ ಅವರು ಆ ತಪ್ಪು ಮಾಡಲಿಲ್ಲ. ತಪ್ಪು ಅಂತ ಅವರ ಮೇಲಿನವರು ಅಂದುಕೊಂಡಿದ್ದರಲ್ಲ, ಅದನ್ನು.

1877ರ ಆರಂಭದಲ್ಲಿ ಟೆಂಪಲ್ ಕೂಲಿ ಇಳಿಸಿದರು. ದಿನವಿಡೀ ಮಣ್ಣು ಹೊರುವ ಗಂಡಸಿಗೆ ಒಂದು ಪೌಂಡ್ ಧಾನ್ಯ, ಒಂದು ಆಣೆ ದುಡ್ಡು. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಪರಿಹಾರ ಪಡೆಯುವ ನಿಯಮಗಳೂ ಬಿಗಿಯಾದವು. ಕಾರಣವಾಗಿ ಹೇಳಿದ್ದು ಇವತ್ತು ನಾವು ಕೇಳುವ ಮಾತುಗಳನ್ನೇ. ಜಾಸ್ತಿ ಕೊಟ್ಟರೆ ಅಗತ್ಯ ಇಲ್ಲದವರೂ ಬರುತ್ತಾರೆ. ಸರ್ಕಾರದ ಮೇಲೆ ಅವಲಂಬನೆ ಬೆಳೆಯುತ್ತದೆ. ಖಜಾನೆ ತಾಳುವುದಿಲ್ಲ.

ಮದ್ರಾಸಿನ ಆರೋಗ್ಯ ಅಧಿಕಾರಿ ಡಾಕ್ಟರ್ ಕಾರ್ನಿಷ್ ಇದನ್ನು ಜೋರಾಗಿ ವಿರೋಧಿಸಿದರು. ಇಷ್ಟು ತಿಂದು ಮೈಮುರಿದು ದುಡಿಯುವ ದೇಹ ಉಳಿಯುವುದಿಲ್ಲ, ಧಾನ್ಯದ ಜೊತೆಗೆ ಬೇಳೆಕಾಳೂ ಬೇಕು ಎಂದು ವಾದಿಸಿದರು. ಕೆಲವು ತಿಂಗಳ ಮೇಲೆ ಕೂಲಿ ಸ್ವಲ್ಪ ಏರಿತು. ಅಷ್ಟರಲ್ಲಿ ಕಾಮಗಾರಿ ಶಿಬಿರಗಳಲ್ಲಿ ಹಸಿವಿನ ಜೊತೆ ಕಾಲರಾ ಸೇರಿತ್ತು. ಆ ಬರದಲ್ಲಿ ಸತ್ತವರ ಲೆಕ್ಕ ಕಡಿಮೆ ಅಂದರೂ 50 ಲಕ್ಷ ದಾಟುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಆ ಜನ ಬಿಟ್ಟಿ ಕೇಳಿರಲಿಲ್ಲ. ಕೆಲಸ ಮಾಡಿದ್ದರು. ತಮ್ಮ ಜವಾಬ್ದಾರಿಯನ್ನು ತಾವೇ ಹೊತ್ತಿದ್ದರು. ಕೂಲಿ ಸಾಲಲಿಲ್ಲ, ಅಷ್ಟೇ.

1880ರಲ್ಲಿ ಬ್ರಿಟಿಷರದೇ ಬರ ಆಯೋಗ ವರದಿ ಕೊಟ್ಟಿತು. ಕೆಲಸ ಮಾಡಬಲ್ಲವರಿಗೆ ಆರೋಗ್ಯ ಉಳಿಯುವಷ್ಟು ಕೂಲಿಯ ಕೆಲಸ, ಮಾಡಲಾಗದವರಿಗೆ ನೇರ ನೆರವು, ಅದನ್ನು ಕೊಡುವುದು ಸರ್ಕಾರದ ಹೊಣೆ ಎಂದಿತು. ಅದರ ಮೇಲೆ ಬರ ಸಂಹಿತೆಗಳು, ಅಂದರೆ ಬರ ಬಂದಾಗ ಸರ್ಕಾರ ಏನು ಮಾಡಬೇಕು ಅನ್ನುವ ನಿಯಮಗಳು, ಬಂದವು. ಸ್ವಾತಂತ್ರ್ಯದ ನಂತರ ಮಹಾರಾಷ್ಟ್ರ 1972ರ ಬರದ ಹೊತ್ತಿನಲ್ಲಿ ಉದ್ಯೋಗ ಖಾತ್ರಿಯನ್ನು ದೊಡ್ಡದಾಗಿ ನಡೆಸಿತು. 2005ರಲ್ಲಿ ಇಡೀ ದೇಶಕ್ಕೆ ನರೇಗಾ ಕಾಯ್ದೆ ಬಂತು. 2006ರ ಫೆಬ್ರುವರಿಯಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ 200 ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. ಬಳ್ಳಾರಿ ಮರುವರ್ಷ ಸೇರಿತು.

(ದೃಶ್ಯ: ಕೆರೆ ಹೂಳೆತ್ತುವ ಕೆಲಸ, ಬುಟ್ಟಿ ಹೊತ್ತ ಹೆಂಗಸರು)

ನರೇಗಾದ ದೊಡ್ಡ ಗುಣ ಯಾವುದು ಅಂದರೆ, ಅದರಲ್ಲಿ ಸೋಮಾರಿಗೆ ಜಾಗವೇ ಇಲ್ಲ. 2025-26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ. ಬಳ್ಳಾರಿಯ ಏಪ್ರಿಲ್ ಬಿಸಿಲು ಗೊತ್ತಲ್ವಾ? ಆ ಬಿಸಿಲಲ್ಲಿ 370 ರೂಪಾಯಿಗೆ ಮಣ್ಣು ಹೊರಲು ಬರುವವರು ಬೇರೆ ದಾರಿ ಇಲ್ಲದವರು. ಮಳೆ ಬೆಳೆ ಚೆನ್ನಾಗಿದ್ದ ವರ್ಷ ಹೊಲದಲ್ಲೇ ಕೂಲಿ ಸಿಗುತ್ತದೆ, ಇಲ್ಲಿಗೆ ಬರುವವರು ತಾವಾಗಿಯೇ ಕಡಿಮೆ ಆಗುತ್ತಾರೆ. ಬರ ಬಂದ ವರ್ಷ ಜಾಸ್ತಿ ಆಗುತ್ತಾರೆ. ಅಂದರೆ ಕಷ್ಟ ಇದ್ದಾಗ ಖರ್ಚು ಏರುತ್ತದೆ, ಇಲ್ಲದಾಗ ಇಳಿಯುತ್ತದೆ. ಕಡಿತ ಬೇಕು ಅನ್ನುವವರೂ ಮೆಚ್ಚಬೇಕಾದ ವ್ಯವಸ್ಥೆ ಇದು.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನುವುದು ಮನೆಗೆ ಸರಿಯಾದ ಬುದ್ಧಿ. ಒಂದು ಮನೆ ಖರ್ಚು ಕಡಿಮೆ ಮಾಡಿದರೆ ಆ ಮನೆಯ ಆದಾಯ ಕಡಿಮೆ ಆಗುವುದಿಲ್ಲ. ಸರ್ಕಾರ ಬರದ ವರ್ಷ ಖರ್ಚು ಇಳಿಸಿದರೆ ಹಾಗಲ್ಲ. ಕೂಲಿಯವರ ಕೈಗೆ ದುಡ್ಡು ಬರಲಿಲ್ಲ ಅಂದರೆ ಊರ ಕಿರಾಣಿ ಅಂಗಡಿ ಮಲಗುತ್ತದೆ, ಬಟ್ಟೆ ಅಂಗಡಿ ಮಲಗುತ್ತದೆ, ಸಂಘದ ಕಂತು ನಿಲ್ಲುತ್ತದೆ. ಕಂತು ಕಟ್ಟಲಾಗದ ಮನೆಗಳ ಮುಂದೆ ವಸೂಲಿಯವರು ಬಂದು ಕೂತದ್ದನ್ನು ನಮ್ಮ ಹಳ್ಳಿಗಳು ನೋಡಿವೆ. ಆ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಹಾಗಾದರೆ ವೈಯಕ್ತಿಕ ಜವಾಬ್ದಾರಿ ಬೇಡವಾ? ಬೇಕು. ಆದರೆ ಬಡವರಲ್ಲಿ ಅದು ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು, ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವವರು ಮತ್ತೇನು ಮಾಡಬೇಕು?

2011ನ್ನೂ ನೆನಪಿಸಿಕೊಳ್ಳಿ. ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ಆ ಮಟ್ಟಕ್ಕೆ ಹೋಗಿತ್ತು, ನಿಲ್ಲಿಸಲೇಬೇಕಿತ್ತು. ಆದರೆ ಸಾಲ ಮಾಡಿ ಒಂದು ಲಾರಿ ಕೊಂಡು ತಾನೇ ಓಡಿಸುತ್ತಿದ್ದವನ ಕಥೆ ಏನಾಯಿತು? ಯಾರನ್ನೂ ಬೇಡದೆ ಸ್ವಂತ ಕಾಲ ಮೇಲೆ ನಿಂತವನು. ಸಂಡೂರು, ಹೊಸಪೇಟೆ ಕಡೆ ಲಾರಿಗಳು ಸಾಲಾಗಿ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ. ಗಣಿ ದುಡ್ಡು ದೋಚಿದವರು ಬೇರೆ, ಬೀದಿಗೆ ಬಂದವರು ಬೇರೆ. ಜವಾಬ್ದಾರಿ ಬಗ್ಗೆ ಮಾತಾಡುವಾಗ ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ.

ಈಗ ಕಡಿತ ಬೇಕು ಅನ್ನುವವರ ಲೆಕ್ಕಕ್ಕೆ ಬರೋಣ. ಅದರಲ್ಲೂ ಹುರುಳಿದೆ.

(ತೆರೆಯ ಮೇಲೆ: 2025-26 ರಾಜ್ಯ ಬಜೆಟ್)

ಒಟ್ಟು ಬಜೆಟ್ 4.09 ಲಕ್ಷ ಕೋಟಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 51,000 ಕೋಟಿ. ರೆವೆನ್ಯೂ ಕೊರತೆ 19,000 ಕೋಟಿಗೂ ಜಾಸ್ತಿ. ಅಂದರೆ ದಿನದ ಖರ್ಚಿಗೂ ಸಾಲ. ಎಸ್‌ಸಿ-ಎಸ್‌ಟಿ ಉಪಯೋಜನೆಯ ಸಾವಿರಾರು ಕೋಟಿಯನ್ನು ಗ್ಯಾರಂಟಿಗಳ ಲೆಕ್ಕಕ್ಕೆ ತೋರಿಸಿದ್ದಾರೆ. ಇದು ನನಗೆ ಸರಿ ಕಾಣುವುದಿಲ್ಲ. ಹಾಸ್ಟೆಲ್‌ಗೆ, ಕೊಳವೆಬಾವಿಗೆ ಹೋಗಬೇಕಾದ ದುಡ್ಡು ಅದು.

ಹಾಗಾದರೆ ಎಲ್ಲಿ ಕಡಿತ ಮಾಡಬಹುದು? ನನ್ನ ಉತ್ತರ: ಗೃಹಜ್ಯೋತಿ. 200 ಯೂನಿಟ್‌ವರೆಗಿನ ಉಚಿತ ಕರೆಂಟಿಗೆ ಆದಾಯದ ಮಿತಿಯೇ ಇಲ್ಲ. ಒಳ್ಳೆಯ ಸಂಬಳ ಬರುವ ಮನೆಗೂ ಅದು ಸಿಗುತ್ತದೆ. ಅಲ್ಲಿಂದ ಶುರು ಮಾಡಿ. ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಆದಾಯ ತೆರಿಗೆ ಕಟ್ಟುವ ಮನೆಗಳನ್ನು ಮೊದಲೇ ಹೊರಗಿಟ್ಟಿದ್ದಾರೆ. ಅದನ್ನು ಮುಟ್ಟಬೇಡಿ, ಬದಲಿಗೆ ತಿಂಗಳು ತಿಂಗಳು ಸರಿಯಾಗಿ ಹಾಕಿ. ಮೂರು ತಿಂಗಳಿನದು ಒಮ್ಮೆಲೇ ಬಂದರೆ ಅಷ್ಟರೊಳಗೆ ಮನೆಯಲ್ಲಿ ಕೈಸಾಲ ಆಗಿರುತ್ತದೆ. ತಡ ಮಾಡುವುದೂ ಒಂದು ಕಡಿತವೇ.

ಇನ್ನು ಈಗಿನ ದೊಡ್ಡ ವಿಷಯ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯ್ದೆ ಪಾಸ್ ಮಾಡಿತು. ಕೆಲಸದ ದಿನಗಳು 100ರಿಂದ 125ಕ್ಕೆ ಏರಿದವು. ಕೇಳಲು ಚೆನ್ನಾಗಿದೆ. ಆದರೆ ಕೂಲಿಯ ಹಣದಲ್ಲಿ ನಮ್ಮಂಥ ರಾಜ್ಯಗಳು ಶೇಕಡ 40 ಹಾಕಬೇಕು. ಯಾವ ರಾಜ್ಯಕ್ಕೆ ಎಷ್ಟು ಎಂದು ಕೇಂದ್ರ ಮೊದಲೇ ನಿಗದಿ ಮಾಡುತ್ತದೆ. ಅದನ್ನು ದಾಟಿದ ಖರ್ಚು ಪೂರ್ತಿ ರಾಜ್ಯದ್ದು.

ನಿಗದಿ ದಾಟುವುದು ಯಾವ ವರ್ಷ? ಬರದ ವರ್ಷ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಆಗಿದ್ದವು. ರಾಜ್ಯ 18,000 ಕೋಟಿಗೂ ಹೆಚ್ಚು ಪರಿಹಾರ ಕೇಳಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಅಂಥ ವರ್ಷ ಮತ್ತೆ ಬಂದರೆ, ರಾಜ್ಯದ ಬೊಕ್ಕಸವೂ ಸೊರಗಿದ್ದಾಗ, ಹೆಚ್ಚುವರಿ ಕೂಲಿಯ ದುಡ್ಡು ಎಲ್ಲಿಂದ ತರುತ್ತಾರೆ?

ಇದಕ್ಕೆ ವಿಧಾನಸೌಧದಿಂದ ಉತ್ತರ ಬೇಕು, ದೆಹಲಿಯಿಂದಲೂ ಬೇಕು. ಬಳ್ಳಾರಿಯಲ್ಲೇ ಕೇಳಬೇಕಾದದ್ದೂ ಒಂದಿದೆ. ಗಣಿ ಕಂಪನಿಗಳು ರಾಯಲ್ಟಿಯ ಜೊತೆಗೆ ಅದರ ಶೇಕಡ 10 ಅಥವಾ 30ರಷ್ಟನ್ನು ಜಿಲ್ಲಾ ಖನಿಜ ನಿಧಿಗೆ ಕಟ್ಟುತ್ತವೆ. ಅದಿರಿಗೆ ಒಳ್ಳೆಯ ಬೆಲೆ ಇರುವಾಗ ಈ ನಿಧಿ ತುಂಬುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಆ ದುಡ್ಡಿನಿಂದ ಕೆರೆ ಕೆಲಸ ಆಗಿದೆಯಾ, ಶಾಲೆಗೆ ಕೋಣೆ ಬಂದಿದೆಯಾ, ಇಲ್ಲ ಬರೀ ಗೇಟು, ಕಮಾನು ಎದ್ದಿವೆಯಾ? ಮುಂದಿನ ಗ್ರಾಮಸಭೆಯಲ್ಲಿ ಈ ಪಟ್ಟಿ ಕೇಳಿ. ಪಿಡಿಒ ಹತ್ತಿರ ಇಲ್ಲ ಅಂದರೆ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಸಿಕ್ಕ ಪಟ್ಟಿಯನ್ನು ನಮಗೂ ಕಳಿಸಿ. ಮುಂದಿನ ವಿಡಿಯೋದಲ್ಲಿ ಊರೂರಿನ ಲೆಕ್ಕ ಇಟ್ಟುಕೊಂಡೇ ಮಾತಾಡೋಣ.