ಮುಳುಗಿದ್ದೆಷ್ಟು, ಮತ್ತೆ ಎದ್ದಿದ್ದೆಷ್ಟು: ಪರ್ಲ್ ಹಾರ್ಬರ್ ದಾಳಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಭಾನುವಾರ, ಅದೂ ಹಾರ್ಬರ್ ಲೈನಿನಲ್ಲಿ ರಿಪೇರಿಗೆ ಅಂತ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇರುವ ದಿನ, ಇಷ್ಟು ಜನ ಮಾಟುಂಗದವರೆಗೆ ಬಂದಿದ್ದೀರಿ. ಡೊಂಬಿವಲಿಯಿಂದಲೂ ಬಂದಿದ್ದಾರಂತೆ. ಸುತ್ತು ಬಳಸಿ ಮಾತಾಡಿ ನಿಮ್ಮ ಲೋಕಲ್ ತಪ್ಪಿಸುವುದಿಲ್ಲ.

ನಾನು ಇತಿಹಾಸದ ಮೇಷ್ಟ್ರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದನೇ ವಯಸ್ಸಿಗೆ ಕುಂದಾಪುರ ಕಡೆಯಿಂದ ಮಾವನ ಜೊತೆ ಮುಂಬಯಿಗೆ ಬಂದೆ. ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಲೋಟ ತೊಳೆದೆ. ರಾತ್ರಿ ಶಾಲೆಯಲ್ಲಿ ಓದಿದೆ. ಆಮೇಲೆ 34 ವರ್ಷ ಮಝಗಾಂವ್ ಕಡೆ ಹಡಗು ರಿಪೇರಿ. ಸೇರಿದ್ದು ವೆಲ್ಡರನ ಹೆಲ್ಪರ್ ಆಗಿ, ಬಿಟ್ಟಿದ್ದು ಫೋರ್‌ಮನ್ ಆಗಿ. ಹಾಗಾಗಿ ಯುದ್ಧದ ಕಥೆ ಓದುವಾಗಲೂ ನನ್ನ ಕಣ್ಣು ಅಡ್ಮಿರಲ್ ಕಡೆ ಹೋಗುವುದಿಲ್ಲ, ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಡ್ರೈ ಡಾಕಿನ ತಳಕ್ಕೆ ಹೋಗುತ್ತದೆ.

ಈ ವಿಷಯ ಹುಟ್ಟಿದ್ದು ನನ್ನ ತಂಗಿಯ ಮಗನಿಂದ. ಊಟ ಮಾಡ್ತಾ ಕೇಳಿದ: "ಮಾವ, ಜಪಾನಿನವರು ಒಂದೇ ಬೆಳಿಗ್ಗೆ ಅಮೆರಿಕದ ನೌಕಾಪಡೆಯನ್ನು ಮುಗಿಸಿಬಿಟ್ಟಿದ್ರು ಅಲ್ವಾ? ಮತ್ತೆ ಸೋತಿದ್ದು ಯಾಕೆ?" ಪ್ರಶ್ನೆಯಲ್ಲೇ ಒಂದು ತಪ್ಪಿತ್ತು. ಆದರೆ ಆ ತಪ್ಪನ್ನು ನಾವೆಲ್ಲರೂ ಮಾಡುತ್ತೇವೆ.

ನಡೆದಿದ್ದನ್ನು ಚುಟುಕಾಗಿ ಹೇಳುತ್ತೇನೆ. 1941ರ ಡಿಸೆಂಬರ್ 7, ಅದೂ ಭಾನುವಾರವೇ. ಹವಾಯಿಯ ಓಆಹು ದ್ವೀಪದಲ್ಲಿರುವ ಅಮೆರಿಕದ ನೌಕಾ ನೆಲೆ ಪರ್ಲ್ ಹಾರ್ಬರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇತ್ತು. ಜಪಾನಿನ ಆರು ವಿಮಾನವಾಹಕ ನೌಕೆಗಳು ಉತ್ತರ ಪೆಸಿಫಿಕ್ ದಾಟಿ, ರೇಡಿಯೊ ಬಾಯಿ ಮುಚ್ಚಿಕೊಂಡು ಬಂದಿದ್ದವು. ಅವುಗಳಿಂದ ಸುಮಾರು 350 ವಿಮಾನಗಳು ಎರಡು ಅಲೆಯಾಗಿ ಎದ್ದವು. ಎರಡು ಗಂಟೆಯೊಳಗೆ ಕೆಲಸ ಮುಗಿಯಿತು. ಅಮೆರಿಕದ ಕಡೆ 2403 ಜನ ಸತ್ತರು. ಅದರಲ್ಲಿ 1177 ಜನ ಅರಿಜೋನಾ ಎಂಬ ಒಂದೇ ಹಡಗಿನವರು. ಬಂದರಿನಲ್ಲಿದ್ದ ಎಂಟೂ ಬ್ಯಾಟಲ್‌ಶಿಪ್‌ಗಳಿಗೆ, ಅಂದರೆ ದೊಡ್ಡ ಫಿರಂಗಿಯ ಯುದ್ಧನೌಕೆಗಳಿಗೆ, ಪೆಟ್ಟು ಬಿತ್ತು, ನಾಲ್ಕು ಮುಳುಗಿದವು. ಜಪಾನ್ ಕಳೆದುಕೊಂಡದ್ದು 29 ವಿಮಾನ, ಐದು ಪುಟ್ಟ ಸಬ್‌ಮರೀನ್, 64 ಜನ.

ಸಂಜೆ ಗಲ್ಲಾಪೆಟ್ಟಿಗೆ ಎಣಿಸುವವನ ಹಾಗೆ ನೋಡಿದರೆ ಇದಕ್ಕಿಂತ ದೊಡ್ಡ ಲಾಭ ಇಲ್ಲ.

ಅವರ ತಯಾರಿಗೆ ನಾನಂತೂ ಕೈ ಮುಗಿಯುತ್ತೇನೆ. ಟಾರ್ಪಿಡೊ ಅಂದರೆ ನೀರಿನೊಳಗೆ ಓಡಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ. ವಿಮಾನದಿಂದ ಬಿದ್ದ ಟಾರ್ಪಿಡೊ ಮೊದಲು ಆಳಕ್ಕೆ ಇಳಿಯುತ್ತದೆ, ಆಮೇಲೆ ಮೇಲೆ ಬಂದು ಓಡುತ್ತದೆ. ಪರ್ಲ್ ಹಾರ್ಬರಿನಲ್ಲಿ ನೀರು ಇದ್ದದ್ದೇ ಸುಮಾರು 12 ಮೀಟರ್. ಸಾಮಾನ್ಯ ಟಾರ್ಪಿಡೊ ಆದರೆ ಕೆಸರಿನಲ್ಲಿ ಮೂಗು ಹೂತು ಅಲ್ಲೇ ಮಲಗುತ್ತದೆ. ಜಪಾನಿನವರು ಮಾಡಿದ್ದೇನು ಗೊತ್ತಾ? ಹಿಂಬದಿಗೆ ಮರದ ರೆಕ್ಕೆ ಕಟ್ಟಿದರು. ಬರೀ ಮರ! ಅದರಿಂದ ಟಾರ್ಪಿಡೊ ಮೇಲುಮೇಲೆ ನಿಂತಿತು. ಆಳವಿಲ್ಲದ ಬಂದರಿನಲ್ಲೂ ಇದು ಆಗುತ್ತದೆ ಅನ್ನುವುದಕ್ಕೆ ಹಿಂದಿನ ವರ್ಷವೇ ಸಾಕ್ಷಿ ಸಿಕ್ಕಿತ್ತು. 1940ರ ನವೆಂಬರಿನಲ್ಲಿ ಬ್ರಿಟಿಷರ 21 ಹಳೇ ಡಬಲ್ ರೆಕ್ಕೆಯ ವಿಮಾನಗಳು ಇಟಲಿಯ ಟರಾಂಟೊ ಬಂದರಿಗೆ ರಾತ್ರಿ ನುಗ್ಗಿ ಮೂರು ಬ್ಯಾಟಲ್‌ಶಿಪ್‌ಗಳಿಗೆ ಹೊಡೆದಿದ್ದವು.

ಈಗ ನನ್ನ ಕಸುಬಿನ ಕಡೆ ಬರೋಣ. ಆಳ ಕಮ್ಮಿ ಅನ್ನುವುದು ಟಾರ್ಪಿಡೊಗೆ ತೊಂದರೆಯಾಗಿತ್ತು. ಹೊಡೆತ ತಿಂದ ಹಡಗಿಗೆ ಅದೇ ಅದೃಷ್ಟವಾಯಿತು. 12 ಮೀಟರ್ ನೀರಿನಲ್ಲಿ ಬ್ಯಾಟಲ್‌ಶಿಪ್ ಎಲ್ಲಿ ಮುಳುಗುತ್ತದೆ? ಕೂತುಬಿಡುತ್ತದೆ, ಅಷ್ಟೇ. ಡೆಕ್ ಮೇಲೆ ನೀರು ಬಂದಿರುತ್ತದೆ, ಚಿಮಣಿ ಗಾಳಿಯಲ್ಲೇ ಇರುತ್ತದೆ. ಇದೇ ಹಡಗುಗಳು ಎಚ್ಚರಿಕೆ ಸಿಕ್ಕಿ ಸಮುದ್ರಕ್ಕೆ ಹೊರಟಿದ್ದರೆ, ಅಲ್ಲಿ ಆ ಆರು ವಾಹಕಗಳ ವಿಮಾನಕ್ಕೆ ಸಿಕ್ಕಿದ್ದರೆ, ಪಾತಾಳಕ್ಕೆ ಹೋಗುತ್ತಿದ್ದವು. ಸಾವಿರ ಸಾವಿರ ನುರಿತ ನಾವಿಕರೂ ಜೊತೆಗೆ ಹೋಗುತ್ತಿದ್ದರು. ಮುಂದೆ ಪೆಸಿಫಿಕ್ ನೌಕಾಪಡೆ ವಹಿಸಿಕೊಂಡ ಅಡ್ಮಿರಲ್ ನಿಮಿಟ್ಜ್ ಅಭಿಪ್ರಾಯವೂ ಇದೇ ಆಗಿತ್ತು.

ಒಕ್ಲಹೋಮಾ ಹಡಗಿನ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದು ಕೆಲವೇ ನಿಮಿಷದಲ್ಲಿ ಮಗುಚಿ ಬಿತ್ತು. ತಳ ಮೇಲೆ, ಡೆಕ್ ಕೆಳಗೆ. ಒಳಗಿನಿಂದ ಸಿಕ್ಕಿಬಿದ್ದ ಹುಡುಗರು ಕಬ್ಬಿಣಕ್ಕೆ ಬಡಿಯುತ್ತಿದ್ದಾರೆ. ಮೇಲೆ ನಿಂತವರಿಗೆ ಟಣ್ ಟಣ್ ಕೇಳುತ್ತದೆ. ಮೊದಲು ಗ್ಯಾಸ್ ಕಟಿಂಗ್ ಹಚ್ಚಿದರು. ಒಳಗಿದ್ದ ಸ್ವಲ್ಪ ಗಾಳಿಯನ್ನೂ ಬೆಂಕಿ ತಿಂದು, ತೂತು ಬೀಳುವ ಹೊತ್ತಿಗೆ ಒಳಗಿದ್ದ ಇಬ್ಬರು ಉಸಿರುಕಟ್ಟಿ ಸತ್ತಿದ್ದರು. ಆಮೇಲೆ ಗಾಳಿಯ ಒತ್ತಡದಿಂದ ಕಬ್ಬಿಣ ಕಡಿಯುವ ಚಿಪ್ಪಿಂಗ್ ಹ್ಯಾಮರ್ ತಂದರು. ಯಾರ್ಡಿನ ಕೆಲಸಗಾರ ಜೂಲಿಯೊ ಡಿಕಾಸ್ಟ್ರೊ ತನ್ನ ಗ್ಯಾಂಗ್ ಕರೆದುಕೊಂಡು ಬಂದ. ಹೆಸರು ಕೇಳಿ ನಮ್ಮ ಗೋವಾದವನು ಅಂದುಕೊಳ್ಳಬೇಡಿ, ಹವಾಯಿಯವನೇ. ಅಲ್ಲಿ ಇನ್ನೊಂದು ಕಷ್ಟ. ತೂತು ಬಿದ್ದ ಕೂಡಲೇ ಒಳಗೆ ಅದುಮಿಕೊಂಡಿದ್ದ ಗಾಳಿ ಬುಸ್ ಅಂತ ಹೊರಗೆ ಬರುತ್ತದೆ. ಗಾಳಿ ಹೋದಷ್ಟೂ ಕೆಳಗಿನಿಂದ ನೀರು ಏರುತ್ತದೆ. ತೂತು ದೊಡ್ಡದಾಗುವುದು ಮೊದಲೋ, ನೀರು ಕುತ್ತಿಗೆಗೆ ಬರುವುದು ಮೊದಲೋ? ಹಾಗೆ 32 ಜನರನ್ನು ಜೀವಂತ ತೆಗೆದರು. ಉಳಿದ 429 ಜನ ಹೋದರು.

ನನಗೆ ಈ ಗಾಳಿಯ ವಿಷಯ ಗೊತ್ತು. ಒಮ್ಮೆ ಒಂದು ಬಾರ್ಜಿನ ಡಬಲ್ ಬಾಟಮ್ ಒಳಗೆ, ಅಂದರೆ ತಳದ ಎರಡು ಪದರದ ನಡುವಿನ ಇಕ್ಕಟ್ಟಿನಲ್ಲಿ, ಇಬ್ಬರು ಹುಡುಗರ ಜೊತೆ ಕಟಿಂಗ್ ಮಾಡಿಸುತ್ತಿದ್ದೆ. ಒಳಗೆ ಗಾಳಿ ಊದುವ ಬ್ಲೋವರ್ ನಿಂತುಹೋಯಿತು. ಕಾಲು ಗಂಟೆಯಲ್ಲಿ ತಲೆ ಭಾರ, ಕೈ ಮಾತು ಕೇಳುವುದಿಲ್ಲ. ಹೇಗೋ ತೆವಳಿ ಹೊರಗೆ ಬಂದು ನೋಡಿದರೆ, ಮೇಲಿದ್ದವನು ಬ್ಲೋವರ್ ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕಿದ್ದ!

ವೆಸ್ಟ್ ವರ್ಜೀನಿಯಾ ಹಡಗಿನದು ಬೇರೆ ಕಥೆ. ಒಂದೇ ಪಕ್ಕಕ್ಕೆ ಸಾಲು ಸಾಲು ಟಾರ್ಪಿಡೊ ತಿಂದು ನೆಟ್ಟಗೆ ಕೂತಿತ್ತು. ಪಕ್ಕದ ಗಾಯಗಳಿಗೆ ಹೊರಗಿನಿಂದ ದೊಡ್ಡ ತೇಪೆ ಇಟ್ಟು, ನೀರಿನಡಿಯಲ್ಲೇ ಕಾಂಕ್ರೀಟ್ ಸುರಿದು ಮುಚ್ಚಿದರು. ಆಮೇಲೆ ಪಂಪು ಹಚ್ಚಿದರು. 1942ರ ಮೇ 17ರಂದು ಹಡಗು ತೇಲಿತು. ನೀರು ಇಳಿದ ಮೇಲೆ ತಳದ ಒಂದು ಸ್ಟೋರ್ ರೂಮಿನಲ್ಲಿ ಮೂವರ ಹೆಣ ಸಿಕ್ಕಿತು. ಅವರ ಹತ್ತಿರ ಒಂದು ಕ್ಯಾಲೆಂಡರ್ ಇತ್ತು. ದಿನಕ್ಕೊಂದರಂತೆ ಗೀಟು ಹೊಡೆದಿದ್ದರು, ಡಿಸೆಂಬರ್ 23ರವರೆಗೆ.

ನೀರು ಕುಡಿಯುತ್ತೇನೆ, ಒಂದು ನಿಮಿಷ.

ಎಂಟರಲ್ಲಿ ಪೂರ್ತಿ ಕೈಬಿಟ್ಟದ್ದು ಎರಡೇ: ಅರಿಜೋನಾ, ಒಕ್ಲಹೋಮಾ. ಉಳಿದ ಆರೂ ಕೆಲಸಕ್ಕೆ ವಾಪಸ್ ಬಂದವು. ನೆವಾಡಾ 1944ರ ಜೂನಿನಲ್ಲಿ ನಾರ್ಮಂಡಿ ದಡದ ಎದುರು ನಿಂತು ಜರ್ಮನ್ನರಿಗೆ ಗುಂಡು ಹಾರಿಸಿತು. ಅದೇ ವರ್ಷ ಅಕ್ಟೋಬರ್ 25ರ ನಸುಕಿನಲ್ಲಿ ಫಿಲಿಪೀನ್ಸಿನ ಸುರಿಗಾವೊ ಜಲಸಂಧಿಗೆ ಜಪಾನಿನ ಹಡಗುಗಳು ನುಗ್ಗಿದಾಗ, ಬಾಗಿಲು ಅಡ್ಡ ಹಾಕಿ ಆರು ಬ್ಯಾಟಲ್‌ಶಿಪ್‌ಗಳು ನಿಂತಿದ್ದವು. ಅದರಲ್ಲಿ ಐದು ಪರ್ಲ್ ಹಾರ್ಬರಿನಲ್ಲಿ ಪೆಟ್ಟು ತಿಂದವು. ಬ್ಯಾಟಲ್‌ಶಿಪ್‌ಗಳಲ್ಲಿ ಮೊದಲು ಗುಂಡು ಹಾರಿಸಿದ್ದು ಯಾರು? ಅದೇ ವೆಸ್ಟ್ ವರ್ಜೀನಿಯಾ.

ಮುಟ್ಟದೆ ಬಿಟ್ಟ ವಸ್ತುಗಳ ಪಟ್ಟಿ ಇನ್ನೂ ಮಜವಾಗಿದೆ. ಈಸ್ಟರ್ನ್ ಫ್ರೀವೇ ಮೇಲಿಂದ ಮಾಹುಲ್ ಕಡೆ ನೋಡಿದರೆ ಬಿಳೀ ಎಣ್ಣೆ ಟ್ಯಾಂಕುಗಳು ಕಾಣುತ್ತವಲ್ಲ, ಪರ್ಲ್ ಹಾರ್ಬರಿನಲ್ಲೂ ಹಾಗೇ ಬಯಲಿನಲ್ಲಿ ನಿಂತಿದ್ದವು. ಒಳಗೆ ಸುಮಾರು 45 ಲಕ್ಷ ಬ್ಯಾರೆಲ್ ಎಣ್ಣೆ. ಒಂದು ಬಾಂಬ್ ಬೀಳಲಿಲ್ಲ. ಸಬ್‌ಮರೀನ್ ನೆಲೆ ಹಾಗೇ ಉಳಿಯಿತು. ಮುಂದೆ ಜಪಾನಿನ ಸರಕು ಹಡಗುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮುಳುಗಿಸಿದ್ದು ಅಮೆರಿಕದ ಸಬ್‌ಮರೀನುಗಳೇ. ರಿಪೇರಿ ಯಾರ್ಡೂ ಹೆಚ್ಚುಕಮ್ಮಿ ಕ್ಷೇಮ. ಇನ್ನು ವಿಮಾನವಾಹಕಗಳಂತೂ ಆ ದಿನ ಬಂದರಿನಲ್ಲೇ ಇರಲಿಲ್ಲ. ಎಂಟರ್‌ಪ್ರೈಸ್ ವಾಪಸ್ ಬರುವ ದಾರಿಯಲ್ಲಿತ್ತು, ಲೆಕ್ಸಿಂಗ್ಟನ್ ಮಿಡ್‌ವೇ ದ್ವೀಪದ ಕಡೆ ಹೊರಟಿತ್ತು, ಸಾರಟೋಗಾ ಸ್ಯಾನ್ ಡಿಯೇಗೊದಲ್ಲಿತ್ತು.

ಯಾರ್ಡ್ ಉಳಿದದ್ದರ ಬೆಲೆ ಆರು ತಿಂಗಳಿಗೆ ಗೊತ್ತಾಯಿತು. ಕೋರಲ್ ಸಮುದ್ರದ ಕಾಳಗದಲ್ಲಿ ಬಾಂಬ್ ತಿಂದ ಯಾರ್ಕ್‌ಟೌನ್ ಎಂಬ ವಾಹಕ 1942ರ ಮೇ 27ಕ್ಕೆ ಪರ್ಲ್ ಹಾರ್ಬರಿಗೆ ಕುಂಟುತ್ತಾ ಬಂತು. ಸರಿಯಾಗಿ ರಿಪೇರಿ ಮಾಡಿದರೆ ಮೂರು ತಿಂಗಳ ಕೆಲಸ ಅಂದರು. ನಿಮಿಟ್ಜ್ ಕೊಟ್ಟದ್ದು ಮೂರು ದಿನ. ಹಗಲೂ ರಾತ್ರಿ ವೆಲ್ಡಿಂಗ್. 30ಕ್ಕೆ ಹಡಗು ಹೊರಟೇಬಿಟ್ಟಿತು. ಆ ವೆಲ್ಡಿಂಗ್ ಹೇಗಿದ್ದಿರಬಹುದು ಅಂತ ನಾನು ಊಹಿಸಬಲ್ಲೆ, ಹಡಗು ತಪಾಸಣೆ ಮಾಡುವ ನಮ್ಮ ಸರ್ವೇಯರ್ ನೋಡಿದ್ದರೆ ಸಹಿ ಹಾಕುತ್ತಿರಲಿಲ್ಲ. ಆದರೆ ಜೂನ್ 4ರಂದು ಮಿಡ್‌ವೇಯಲ್ಲಿ ಅದರ ವಿಮಾನಗಳೇ ಸೋರ್ಯು ಎಂಬ ಜಪಾನಿ ವಾಹಕವನ್ನು ಮುಗಿಸಿದವು. ಆ ಕಾಳಗದಲ್ಲಿ ಜಪಾನ್ ನಾಲ್ಕು ವಾಹಕ ಕಳೆದುಕೊಂಡಿತು. ನಾಲ್ಕೂ ಪರ್ಲ್ ಹಾರ್ಬರಿಗೆ ಬಂದಿದ್ದ ಆರರಲ್ಲಿ ಸೇರಿದ್ದವು. ಯಾರ್ಕ್‌ಟೌನೂ ಅಲ್ಲೇ ಮುಳುಗಿತು, ಅದನ್ನೂ ಹೇಳಬೇಕು.

"ಮತ್ತೆ ಮೂರನೇ ಸಲ ಹೋಗಿ ಟ್ಯಾಂಕು ಸುಡಬೇಕಿತ್ತು, ನಾಗುಮೊ ಹೆದರಿಬಿಟ್ಟ" ಅಂತ ತುಂಬ ಜನ ಹೇಳುತ್ತಾರೆ. ನಾಗುಮೊ ಅಂದರೆ ಆ ಆರು ವಾಹಕಗಳ ಪಡೆಯ ಮುಖ್ಯಸ್ಥ. ನಾನು ಅಷ್ಟು ಸುಲಭವಾಗಿ ಬೈಯುವುದಿಲ್ಲ. ಎರಡನೇ ಅಲೆಗೆ ಕೆಳಗಿನಿಂದ ಗುಂಡು ಜೋರಾಗಿತ್ತು. ವಾಪಸ್ ಬಂದ ವಿಮಾನಗಳಲ್ಲೂ ತುಂಬಾ ತೂತು. ಮತ್ತೆ ಕಳಿಸಿದರೆ ಕತ್ತಲಲ್ಲಿ ಇಳಿಯಬೇಕು. ಅಮೆರಿಕದ ವಾಹಕಗಳು ಎಲ್ಲಿವೆ ಅಂತ ಗೊತ್ತಿಲ್ಲ. ಅವರದೇ ಎಣ್ಣೆ ಲೆಕ್ಕದ ಮೇಲೆ. ಆ ಜಾಗದಲ್ಲಿ ನಾನಿದ್ದರೂ ಹಡಗು ತಿರುಗಿಸುತ್ತಿದ್ದೆ. ತಪ್ಪು ಅವನದಲ್ಲ, ಅದಕ್ಕೂ ಮೊದಲಿನದು.

ಜಪಾನಿಗೆ ಬೇಕಾಗಿದ್ದದ್ದು ಹವಾಯಿ ಅಲ್ಲ, ಎಣ್ಣೆ. ಅವರ ಎಣ್ಣೆಯಲ್ಲಿ ಸುಮಾರು ನೂರಕ್ಕೆ 80 ಪಾಲು ಅಮೆರಿಕದಿಂದಲೇ ಬರುತ್ತಿತ್ತು. ದಕ್ಷಿಣ ಇಂಡೊಚೈನಾಕ್ಕೆ, ಅಂದರೆ ಈಗಿನ ವಿಯೆಟ್ನಾಂ ಕಡೆ, ಕಾಲಿಟ್ಟರು ಅಂತ 1941ರ ಜುಲೈ-ಆಗಸ್ಟಿನಲ್ಲಿ ಅಮೆರಿಕ ನಲ್ಲಿ ಬಂದ್ ಮಾಡಿಬಿಟ್ಟಿತು. ಇನ್ನು ಎಣ್ಣೆ ಇದ್ದದ್ದು ಡಚ್ಚರ ಕೈಯಲ್ಲಿದ್ದ ಈಗಿನ ಇಂಡೊನೇಷ್ಯಾದಲ್ಲಿ. ಅಲ್ಲಿಗೆ ಹೋಗುವಾಗ ಪಕ್ಕದಿಂದ ಅಮೆರಿಕದ ಪಡೆ ಬಂದು ಹೊಡೆಯಬಾರದು, ಅದಕ್ಕೆ ಆರು ತಿಂಗಳು ಅದನ್ನು ಮಲಗಿಸೋಣ ಅನ್ನುವುದು ಈ ದಾಳಿಯ ಯೋಜನೆ ಹಾಕಿದ ಜಪಾನಿ ಅಡ್ಮಿರಲ್ ಯಾಮಾಮೊಟೊ ಲೆಕ್ಕ. ಆದರೆ ಆ ನಿಧಾನದ ಹಳೇ ಬ್ಯಾಟಲ್‌ಶಿಪ್‌ಗಳು ಪೆಸಿಫಿಕ್ ದಾಟಿ ಹೋಗುವ ಸ್ಥಿತಿಯಲ್ಲೇ ಇರಲಿಲ್ಲ. ಜೊತೆಗೆ ಹೋಗಿ ಎಣ್ಣೆ ತುಂಬಿಸುವ ಟ್ಯಾಂಕರುಗಳು ಸಾಕಷ್ಟು ಇರಲಿಲ್ಲ. ಅಂದರೆ ಜಪಾನ್ ಇಷ್ಟು ಖರ್ಚು ಮಾಡಿ ಕೊಂಡದ್ದು ತನ್ನ ಜೇಬಿನಲ್ಲೇ ಇದ್ದ ಆರು ತಿಂಗಳನ್ನು.

ಕೊಟ್ಟ ಬೆಲೆ ಏನು? ಅಲ್ಲಿಯವರೆಗೆ ಅಮೆರಿಕದ ಜನ ಯುದ್ಧ ಬೇಕೋ ಬೇಡವೋ ಅಂತ ಜಗಳ ಆಡ್ತಾ ಇದ್ದರು. ಮಾತುಕತೆ ಮುಗಿಯಿತು ಅನ್ನುವ ಜಪಾನಿನ ಪತ್ರ, ವಾಷಿಂಗ್ಟನ್ನಿನ ರಾಯಭಾರ ಕಚೇರಿಯಲ್ಲಿ ಟೈಪ್ ಮಾಡುವುದು ತಡವಾಗಿ, ಬಾಂಬ್ ಬಿದ್ದ ಮೇಲೆ ತಲುಪಿತು. ಮರುದಿನ ಸಂಸತ್ತಿನಲ್ಲಿ ಯುದ್ಧದ ವಿರುದ್ಧ ಬಿದ್ದದ್ದು ಒಂದೇ ಮತ, ಜೆನೆಟ್ ರ‍್ಯಾಂಕಿನ್ ಎಂಬ ಹೆಂಗಸಿನದು. ಜೇನುಗೂಡಿಗೆ ಕಲ್ಲು ಹೊಡೆದು ಜೇನು ಸಿಗುತ್ತದೆ ಅಂದುಕೊಂಡ ಹಾಗಾಯಿತು. "ಮಲಗಿದ್ದ ದೈತ್ಯನನ್ನು ಎಬ್ಬಿಸಿದೆವು" ಅಂತ ಯಾಮಾಮೊಟೊ ಹೇಳಿದ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಅವನು ಹಾಗೆ ಅಂದದ್ದಕ್ಕೆ ಆಧಾರ ಇಲ್ಲ, ಸಿನಿಮಾ ಮಾತು. ಅವನು ನಿಜವಾಗಿ ಯುದ್ಧಕ್ಕೆ ಮೊದಲೇ ಪ್ರಧಾನಿ ಕೊನೊಯೆಗೆ ಹೇಳಿದ್ದು ಬೇರೆ: ಆರು ತಿಂಗಳು, ಒಂದು ವರ್ಷ ನಾನು ಕುಣಿದಾಡಬಲ್ಲೆ, ಅದರಾಚೆಗೆ ನನಗೆ ಭರವಸೆ ಇಲ್ಲ ಅಂತ. ಅಮೆರಿಕದಲ್ಲಿ ಇದ್ದು, ಅಲ್ಲಿಯ ಕಾರ್ಖಾನೆ ನೋಡಿ ಬಂದವನು. ಗೊತ್ತಿದ್ದೂ ಹೋದ.

ಯಾಕೆ ಹೋದ? 1904 ತಲೆಯಲ್ಲಿ ಕೂತಿತ್ತು ಅನ್ನುವುದು ನನ್ನ ಅಂದಾಜು. ಆಗ ಚೀನಾ ದಡದ ಪೋರ್ಟ್ ಆರ್ಥರಿನಲ್ಲಿ ರಷ್ಯಾದ ಹಡಗುಗಳಿಗೆ ರಾತ್ರೋರಾತ್ರಿ ಹೊಡೆದು, ಎರಡು ದಿನ ಬಿಟ್ಟು ಯುದ್ಧ ಸಾರಿ, ಮುಂದಿನ ವರ್ಷ ಮೇಜಿನ ಮುಂದೆ ಕೂತು ರಾಜಿ ಮಾಡಿಕೊಂಡಿದ್ದರು. ಈ ಸಲವೂ ಎದುರಾಳಿ ಮೇಜಿಗೆ ಬರುತ್ತಾನೆ ಅಂದುಕೊಂಡರು. ಬರಲಿಲ್ಲ.

ಇಲ್ಲಿ ಕೂತಿರುವ ಹಿರಿಯರು ಕರಾಚಿ ಬಗ್ಗೆ ಕೇಳೇ ಕೇಳುತ್ತಾರೆ. ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, 1971ರ ಡಿಸೆಂಬರ್ 4ರ ರಾತ್ರಿ, ನಮ್ಮ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿಗೆ ಹೊಡೆದವು. ದಡ ಕಾಯಲು ಮಾಡಿದ್ದ ದೋಣಿಗಳವು. ಅಷ್ಟು ದೂರ ಹೋಗುವ ಶಕ್ತಿ ಇಲ್ಲ ಅಂತ ಎಳೆದುಕೊಂಡು ಹೋಗುವ ಉಪಾಯ ಮಾಡಿದರು. ಖೈಬರ್ ಎಂಬ ಡೆಸ್ಟ್ರಾಯರ್, ಮುಹಾಫಿಜ್ ಎಂಬ ಮೈನ್‌ಸ್ವೀಪರ್ ಮುಳುಗಿದವು. ಕೇಮಾರಿಯ ಎಣ್ಣೆ ಟ್ಯಾಂಕುಗಳು ಹೊತ್ತಿದವು, ಅದರಲ್ಲಿ ವಾಯುಪಡೆಯದೂ ಪಾಲಿದೆ. ಆಗಿನ ನಮ್ಮ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ನಂದಾ ಬೆಳೆದದ್ದೇ ಕರಾಚಿ ಬಂದರಿನ ಮನೋರಾದಲ್ಲಿ. ಎಲ್ಲಿ ಹೊಡೆದರೆ ನೋಯುತ್ತದೆ ಅಂತ ಗೊತ್ತಿತ್ತು.

ಅದು ಗೆದ್ದಿತಾ? ಗೆದ್ದಿತು, ಯಾಕೆಂದರೆ ಕೇಳಿದ್ದು ಕಮ್ಮಿ. ಅವರ ಹಡಗು ಹೊರಗೆ ಬರಬಾರದು, ಕರಾಚಿಗೆ ಸರಕು ಹೋಗಬಾರದು, ಅಷ್ಟೇ. ಯುದ್ಧ ತೀರ್ಮಾನ ಆದದ್ದು ಢಾಕಾದಲ್ಲಿ, ಡಿಸೆಂಬರ್ 16ಕ್ಕೆ. ಎದುರಾಳಿಗೆ ಹಡಗು ಎತ್ತಿ ರಿಪೇರಿ ಮಾಡುವಷ್ಟು ಸಮಯವೇ ಇರಲಿಲ್ಲ. ಆದರೂ ಸುಮ್ನೆ ಬರಲಿಲ್ಲ ಆ ಗೆಲುವು. 9ರ ರಾತ್ರಿ ದಿಯು ಹತ್ತಿರ ಪಾಕಿಸ್ತಾನದ ಸಬ್‌ಮರೀನ್ ಹಂಗೋರ್ ನಮ್ಮ ಯುದ್ಧನೌಕೆ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮುಲ್ಲಾ ಸೇರಿ 194 ಜನ ಹೋದರು. ಅಲ್ಲಿ ನೀರು ಬರೀ 12 ಮೀಟರ್ ಇರಲಿಲ್ಲ.

ನನಗಾಗ 13 ವರ್ಷ. ಮುಂಬಯಿಯಲ್ಲಿ ಬ್ಲ್ಯಾಕ್‌ಔಟ್. ಟ್ಯಾಕ್ಸಿಗಳ ಹೆಡ್‌ಲೈಟಿಗೆ ಅರ್ಧ ಕರಿ ಬಣ್ಣ. ರಾತ್ರಿ ಶಾಲೆ ಬಂದ್, ಅದೊಂದು ಖುಷಿ. ಮಾವ ಮೈದಾ ಅಂಟು ಕಾಯಿಸಿ ಕೊಟ್ಟರು, ನಾನು ಕ್ಯಾಂಟೀನಿನ ಕಿಟಕಿಗೆಲ್ಲ ಕರಿ ಕಾಗದ ಹಚ್ಚಿದೆ. ಯುದ್ಧ ಮುಗಿದ ಮೇಲೂ ಅವರು ತೆಗೆಯಲು ಬಿಡಲಿಲ್ಲ. ಮಧ್ಯಾಹ್ನದ ಬಿಸಿಲು ತಡೆಯುತ್ತೆ, ಇರಲಿ ಬಿಡೋ, ಅಂದರು. ಎರಡು ಮಳೆಗಾಲ ಕಳೆದ ಮೇಲೆ ಅದೇ ಕಳಚಿ ಬಿತ್ತು.

ಪ್ರಶ್ನೆ ಇದ್ದವರು ಕೇಳಿ. ಚಹಾ, ಗೋಳಿಬಜೆ ಕೆಳಗೆ ತಯಾರಿದೆಯಂತೆ.