ಮಾಲಿಯ ಹಳ್ಳಿಗಳಲ್ಲಿ ದತ್ತೂರಿ ಕಷಾಯ

ಕೇಳುಗರಿಗೆ ನಮಸ್ಕಾರ.

ಬೀಳುಬಿದ್ದ ಹೊಲಗಳಲ್ಲಿ ಹಳದಿ ಹೂವಿನ ಮುಳ್ಳುಗಿಡವೊಂದನ್ನು ನೀವು ನೋಡಿರುತ್ತೀರಿ. ಮುರಿದರೆ ಹಳದಿ ಹಾಲು ಬರುತ್ತದೆ. ದತ್ತೂರಿ, ಅರಿಶಿನ ಉಮ್ಮತ್ತ ಅಂತೆಲ್ಲ ಕರೆಯುತ್ತಾರೆ. ಮೆಕ್ಸಿಕೊ ಕಡೆಯ ಗಿಡ. ನಮ್ಮಲ್ಲಿಗೆ ಬಂದ ಹಾಗೆ ಪಶ್ಚಿಮ ಆಫ್ರಿಕಾದ ಮಾಲಿಗೂ ಹೋಗಿದೆ. ಅಲ್ಲಿಯ ಹಳ್ಳಿಗಳಲ್ಲಿ ಮಲೇರಿಯಾಕ್ಕೆ ಇದರ ಕಷಾಯ ಕುಡಿಯುತ್ತಾರೆ.

ರಾಜಧಾನಿ ಬಮಾಕೊದಲ್ಲಿ ನಾಟಿ ಔಷಧಕ್ಕೆಂದೇ ಒಂದು ಸರ್ಕಾರಿ ವಿಭಾಗವಿದೆ. ಅಲ್ಲಿನವರು ಯುರೋಪಿನ ಕೆಲವು ವೈದ್ಯರ ಜೊತೆ ಸೇರಿ ಈ ಕಷಾಯವನ್ನು ಪರೀಕ್ಷಿಸಿದರು. ಸಾಮಾನ್ಯವಾಗಿ ಗಿಡವನ್ನು ಲ್ಯಾಬಿಗೆ ತಂದು, ಸಾರ ತೆಗೆದು, ಇಲಿಗೆ ಕೊಟ್ಟು ನೋಡುತ್ತಾರೆ. ಮನುಷ್ಯರವರೆಗೆ ಬರುವಷ್ಟರಲ್ಲಿ ವರ್ಷಗಟ್ಟಲೆ ಕಳೆದಿರುತ್ತದೆ. ಇವರು ಮೊದಲು ಹಳ್ಳಿಯ ಮನೆಗಳಿಗೆ ಹೋದರು. ಈಚೆಗೆ ಯಾರಿಗೆ ಜ್ವರ ಬಂತು? ಏನು ಕೊಟ್ಟಿರಿ? ಆಮೇಲೆ ಏನಾಯ್ತು? ನನಗೆ ಹಿಡಿಸಿದ್ದು ಈ ಕೊನೆಯ ಪ್ರಶ್ನೆ. ಯಾವ ಗಿಡ ಜ್ವರಕ್ಕೆ ಒಳ್ಳೆಯದು ಅಂತ ಕೇಳಿದರೆ ಯಾರು ಬೇಕಾದರೂ ಒಂದು ಹೆಸರು ಹೇಳ್ತಾರೆ, ಅಲ್ವಾ? 60ಕ್ಕೂ ಜಾಸ್ತಿ ಗಿಡಗಳ ಹೆಸರು ಬಂದವು. ಗುಣವಾದವರ ಲೆಕ್ಕ ನೋಡಿದಾಗ ದತ್ತೂರಿ ಮುಂದಿತ್ತು.

ಆಮೇಲೆ ಸಿಕಾಸೊ ಸೀಮೆಯಲ್ಲಿ ಸುಮಾರು 300 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಕಷಾಯ, ಇನ್ನೊಂದಕ್ಕೆ ಆರ್ಟೆಮಿಸಿನಿನ್ ಅನ್ನುವ ಮಲೇರಿಯಾ ಔಷಧ ಬೆರೆತ ಮಾತ್ರೆ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಷಾಯ ಕುಡಿದ ಹೆಚ್ಚಿನವರಿಗೆ 28 ದಿನ ಬೇರೆ ಔಷಧ ಬೇಕಾಗಲಿಲ್ಲ. ರೋಗ ವಿಪರೀತಕ್ಕೆ ಹೋದವರು ಎರಡೂ ಗುಂಪಿನಲ್ಲಿ ತೀರಾ ಕಡಿಮೆ. ಆದರೆ ರಕ್ತದಲ್ಲಿನ ಮಲೇರಿಯಾ ರೋಗಾಣು ಕಷಾಯಕ್ಕೆ ಪೂರ್ತಿ ಹೋಗಲಿಲ್ಲ. ಮಾತ್ರೆಯೇ ಒಂದು ಕೈ ಮೇಲು.

ಇದನ್ನು ಕೇಳಿ ಯಾರೂ ಹಿತ್ತಲಿಗೆ ಓಡಬೇಡಿ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದೇ ಗಿಡದ ಬೀಜದ ಎಣ್ಣೆ ಬೆರೆತು, ಜನರ ಕಾಲು ಊದಿಕೊಂಡು ಸಾವುಗಳೂ ಆದವು. ಯಾವ ಭಾಗ, ಎಷ್ಟು, ಎಷ್ಟು ದಿನ ಅನ್ನುವುದು ಗೊತ್ತಿಲ್ಲದೆ ಸುಮ್ನೆ ಕುದಿಸಿ ಕುಡಿಯುವಂಥದ್ದಲ್ಲ.

ಮಳೆಗಾಲದಲ್ಲಿ ದಾರಿ ಕೆಟ್ಟು ಆರೋಗ್ಯ ಕೇಂದ್ರ ದೂರವಾದಾಗ ಕಷಾಯ ಸ್ವಲ್ಪ ಹೊತ್ತು ತಡೆಯಬಹುದು. ಆದರೆ ಮಲೇರಿಯಾ ವಿಪರೀತಕ್ಕೆ ಹೋಗಿ ಮಗುವಿಗೆ ಸೆಳೆತ ಬಂದರೆ ಕಾಯುವ ಹಾಗಿಲ್ಲ, ಇಂಜೆಕ್ಷನ್ ಬೇಕು. ತೊಡಕಿರುವುದು ಇಲ್ಲೇ. ಈ ಸೆಳೆತ ಹಕ್ಕಿಯ ಕಾಟದಿಂದ ಬರುತ್ತದೆ ಅಂತ ಅಲ್ಲಿ ಎಷ್ಟೋ ಜನ ನಂಬುತ್ತಾರೆ. ಹಾಗಾಗಿ ಮಗುವನ್ನು ಎತ್ತಿಕೊಂಡು ಮೊದಲು ಹೋಗುವುದು ನಾಟಿ ವೈದ್ಯರ ಮನೆಗೆ. ಆಸ್ಪತ್ರೆಗೆ ಈಗಲೇ ಹೊರಡಿ ಅನ್ನುವ ಮಾತು ಅವರ ಬಾಯಿಂದಲೇ ಬರಬೇಕು.